ಕೆರೆಮನೆಯ ಅಟ್ಟ

ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಪೇಪರು ಹಿಡಿದು ಕೂತಿದ್ದ ವೆಂಕಟಯ್ಯನ ಕಿವಿ ಪಕ್ಕದ ಅಕ್ಕತಂಗಿಯರ ಮಾತಿಗೆ ಹೊರಳಿತು.

"ರಜಕ್ಕೆ ಇರೋಕೆ ಅಂತ ನಿಮ್ಮ ಯಜಮಾನ್ರು ಕೆರೆ ದಂಡೆ ಮನೆ ದೊಡ್ಡದು ಮಾಡ್ಸವ್ರಂತಲ್ಲೇ, ಜಯಾ?"

"ಹೂಂ ಕಣಕ್ಕ. ಎರಡು ರೂಮು, ಕೆರೆ ಕಡೀಕೆ ದೊಡ್ಡ ಕಿಟಕಿ."

"ಮತ್ಯಾಕೆ ಮುಖ ಹಿಂಗೆ?"

"ಮೇಲೆಲ್ಲ ಅಟ್ಟ ಹಾಕ್ಸಿ ಕಾಯಿ ತುಂಬವ್ರೆ. ಕೊಬ್ರಿ ಆಗೋಗಂಟ ಕೆಳಗೆ ಹೊಗೆ ಹಾಕೋಳು ನಾನು. ಹೊಗೆ ಹೋಯ್ತದೆ ಅಂತ ಕಿಟಕಿ ತೆಗೆಯಂಗಿಲ್ಲ."

"ನನ್ ಮಗಳ ಬಾಣಂತನಕ್ಕಾದ್ರೂ ಬಾರೇ."

ಜಯಾ ತನ್ನ ಗಂಡನ ದಪ್ಪ ದನಿ ತೆಗೆದಳು. "'ಕೊಬ್ರಿ ಅಟ್ಟದಿಂದ ಇಳೀಲಿ ಬುಡು, ಆಮೇಲೆ ಹೋಗುವಂತೆ.'"

ಅಕ್ಕ ನಕ್ಕಳು. "ಇಳಿದ್ಮೇಲೆ ಬತ್ತೀಯಲ್ಲ?"

"ಮುಂದಿನ ಕಾಯಿ ಆಗ್ಲೇ ಅಂಗಳದಾಗೆ ಬಿದ್ದದೆ ಕಣಕ್ಕ."

ತುರುವೇಕೆರೆ ಬಸ್ಸು ಬಂತು. ಅಕ್ಕ ಹತ್ತಿದಳು. ಜಯಾ ಕಿಟಕಿಯೊಳಗೆ ಪುಟ್ಟ ಕುಲಾವಿಯೊಂದನ್ನು ತುರುಕಿದಳು.

"ಕೂಸಿಗೆ ಹೊಲಿದಿದ್ದೆ. ಒಗೆದು ಹಾಕಕ್ಕ, ಹೊಗೆ ವಾಸ್ನೆ."