ದೇವರ ಮನೆಯಲ್ಲಿ ತೊಟ್ಟಿಕ್ಕಿದ ಗಂಧದ ನೀರು

ಶ್ರೀಮಂತನೊಬ್ಬನ ಕಥೆ ಹೇಳುತ್ತೇನೆ, ಕೇಳಿ. ಊರು ಯಾವುದು, ಹೆಸರೇನು ಎಂದು ಮಾತ್ರ ಕೇಳಬೇಡಿ. ಹೆಸರು ಹೇಳಿಬಿಟ್ಟರೆ, ಸದ್ಯ ನಾವಲ್ಲ ಎಂದು ನೀವೆಲ್ಲ ಕಂಬಕ್ಕೆ ಒರಗಿ ಆರಾಮಾಗಿ ಕೂತುಬಿಡುತ್ತೀರಿ. ಇವತ್ತು ನಿಮ್ಮನ್ನು ಅಷ್ಟು ಸುಲಭದಲ್ಲಿ ಬಿಡುವುದಿಲ್ಲ.

ಈ ಶ್ರೀಮಂತ ಮಹಡಿಯ ಮೇಲಿದ್ದ. ಕೆಳಗಿನ ಮನೆಯಲ್ಲಿ ಅವನ ತಮ್ಮ. ಇಬ್ಬರಿಗೂ ಒಂದೇ ಗೇಟು, ಒಂದೇ ತುಳಸಿಕಟ್ಟೆ. ಶ್ರೀಮಂತನಿಗೆ ಮಂಡಿನೋವು. ಬಿಸಿನೀರಿನಲ್ಲಿ ಕೂತರೆ ಒಳ್ಳೆಯದು ಎಂದು ಡಾಕ್ಟರು ಹೇಳಿದರು. ನೀವಾಗಿದ್ದರೆ ಬಕೆಟ್ಟಿನಲ್ಲಿ ಬಿಸಿನೀರು ಹಿಡಿದು ಕಾಲು ಇಟ್ಟುಕೊಳ್ಳುತ್ತಿದ್ದಿರಿ. ಅವನು ಶ್ರೀಮಂತನಲ್ಲವೇ, ಹಾಟ್ ಟಬ್ ತರಿಸಿದ. ಅಂದರೆ ನೋಡಿ, ಮನೆಮಂದಿಯೆಲ್ಲ ಕುತ್ತಿಗೆಯವರೆಗೆ ಮುಳುಗಿ ಕೂರಬಹುದಾದ ಬಿಸಿನೀರಿನ ತೊಟ್ಟಿ. ಅದರ ಒಳಗೋಡೆಯ ಸುತ್ತ ಜೆಟ್ ಎನ್ನುವ ಸಣ್ಣ ಸಣ್ಣ ಬಾಯಿಗಳಿರುತ್ತವೆ. ಗುಂಡಿ ಒತ್ತಿದರೆ ಅವುಗಳಿಂದ ನೀರು ಚಿಮ್ಮಿ ಬೆನ್ನು ತಿಕ್ಕುತ್ತದೆ. ಇದನ್ನು ತಂದು ಮಹಡಿಯ ತೆರೆದ ತಾರಸಿಯಲ್ಲಿ ಇಡಿಸಿದ. ಅದರ ನೇರ ಕೆಳಗೆ ತಮ್ಮನ ದೇವರ ಮನೆ ಇದೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಮೇಲಿರುವವರಿಗೆ ಕೆಳಗೆ ಏನಿದೆ ಎಂಬುದು ಬೇಗ ಹೊಳೆಯುವುದಿಲ್ಲ.

ಜೋಡಿಸಲು ಬಂದ ಪ್ಲಂಬರ್ ಜೆಟ್ಟುಗಳ ಹಿಂದಿನ ಪ್ಲಾಸ್ಟಿಕ್ ನಟ್ಟುಗಳನ್ನು ಕೈಯಲ್ಲೇ ತಿರುಗಿಸಿ, ಇಷ್ಟು ಬಿಗಿ ಸಾಕು ಎಂದು ಹೇಳಿ ಹೋದ. ಶ್ರೀಮಂತನಿಗೆ ಅಸಮಾಧಾನ. ಕೈಯಲ್ಲಿ ಮಾಡಿದ್ದು ಎಂಥ ಬಿಗಿ? ಪ್ಲಂಬರ್ ಗೇಟು ದಾಟಿದ ಮೇಲೆ ಪಾನಾ, ಅದೇ ಸ್ಪ್ಯಾನರ್, ಹಿಡಿದು ಬಂದು, ಕೈಗೆ ಎಟುಕಿದ ಒಂದು ನಟ್ಟಿಗೆ ಇನ್ನೊಂದು ಸುತ್ತು ಹಾಕಿದ. ಕಟಕ್ ಎಂದಿತು. ಈಗ ಸರಿಯಾಗಿ ಕೂತಿತು ಎಂದುಕೊಂಡ. ಆ ಕಟಕ್ ಶಬ್ದವನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಅಲ್ಲಿಂದ ದಿನಾ ಬೆಳಿಗ್ಗೆ ತೊಟ್ಟಿಗೆ ಗಂಧದ ಎಣ್ಣೆ ಬಿಟ್ಟುಕೊಂಡು ಒಳಗೆ ಕೂರುವುದು. ಕೂತು ಸ್ತೋತ್ರ ಹೇಳುವುದು. ಆದರೆ ನೀರು ಇಳಿಯತೊಡಗಿತು. ಏನು ಮಾಡಿದ? ಪೈಪು ಬಿಟ್ಟು ತುಂಬಿಸಿದ. ಮಾರನೆಯ ದಿನ ಮತ್ತೆ ಇಳಿದಿತ್ತು. ಮತ್ತೆ ತುಂಬಿಸಿದ. ಅದು ಇಳಿಯುವುದು, ಇವನು ತುಂಬಿಸುವುದು. ನೀರು ಎಲ್ಲಿಗೆ ಹೋಯಿತು ಎಂದು ಒಂದು ದಿನವಾದರೂ ಕೇಳಬೇಡವೇ? ಕೇಳಲಿಲ್ಲ.

ಒಂದು ಬೆಳಿಗ್ಗೆ ತಮ್ಮ ಮೇಲೆ ಬಂದ. ದೇವರ ಮನೆಯ ಚಾವಣಿಯಿಂದ ನೀರು ತೊಟ್ಟಿಕ್ಕುತ್ತಿದೆ, ಒಂದು ಸಲ ಬಂದು ನೋಡು ಎಂದು ಮೆಲ್ಲಗೆ ಹೇಳಿದ. ಶ್ರೀಮಂತ ನೀರಿನಿಂದ ಏಳಲೂ ಇಲ್ಲ.

"ನಿನ್ನ ಅಡುಗೆಮನೆ ನಲ್ಲಿ ನೋಡ್ಕೋ ಹೋಗು," ಎಂದ.

ನೀವೇ ಹೇಳಿ, ಅಡುಗೆಮನೆಯ ನಲ್ಲಿಯ ನೀರು ಗೋಡೆ ಹತ್ತಿ ಹೋಗಿ ಚಾವಣಿಯಿಂದ ಇಳಿಯುತ್ತದೆಯೇ? ಇಳಿಯುವುದಿಲ್ಲ. ಆದರೆ ತಪ್ಪು ಇನ್ನೊಬ್ಬರ ತಲೆಗೆ ಕಟ್ಟಬೇಕು ಎಂದಾಗ ನಮ್ಮ ಮನೆಗಳಲ್ಲಿ ನೀರು ಮೇಲಕ್ಕೂ ಹರಿಯುತ್ತದೆ. ತಮ್ಮ ಇಳಿದು ಹೋದ. ಮತ್ತೆ ಮೇಲೆ ಬರಲಿಲ್ಲ.

ದೀಪಾವಳಿ ಹತ್ತಿರವಾಯಿತು. ಆಗ ಹೆಂಡತಿ ಒಂದು ಸುದ್ದಿ ತಂದಳು. ಮೈದುನ ಬೇರೆ ಮನೆ ನೋಡಿದ್ದಾನೆ, ಬೀಗದ ಕೈಯೂ ಕೈಗೆ ಬಂದಿದೆ, ಹಬ್ಬ ಮುಗಿದ ಕೂಡಲೇ ಹೊರಡುತ್ತಾರೆ. ಹೋದರೆ ಹೋಗಲಿ ಎಂದಿತು ಶ್ರೀಮಂತನ ಬಾಯಿ. ಮನಸ್ಸು ಹಾಗೆನ್ನಲಿಲ್ಲ. ಚಿಕ್ಕಂದಿನಿಂದ ಪ್ರತಿ ಹಬ್ಬದ ಬೆಳಿಗ್ಗೆ ಆ ತಮ್ಮನ ನೆತ್ತಿಗೆ ಎಣ್ಣೆ ಒತ್ತಿದ ಕೈ ಇವನದೇ. ಅವನಿಲ್ಲದ ಮನೆಯನ್ನು ಇವನು ಒಂದು ದಿನವೂ ನೋಡಿದವನಲ್ಲ.

ಹಾಗಾದರೆ ಕೆಳಗಿಳಿದು ಹೋಗಿ ಮಾತಾಡಬಹುದಿತ್ತಲ್ಲ? ಮಾತಾಡಲಿಲ್ಲ. ತಟ್ಟೆ ತುಂಬ ಹೋಳಿಗೆ ಕಳಿಸಿದ. ತಟ್ಟೆಯನ್ನು ಖಾಲಿ ಕಳಿಸಬಾರದಲ್ಲ, ಒಂದು ಚಿಟಿಕೆ ಸಕ್ಕರೆ ಹಾಕಿಕೊಂಡು ವಾಪಸು ಬಂತು. ಹಣ್ಣು ಕಳಿಸಿದ. ಸಕ್ಕರೆ ಬಂತು. ರೇಷ್ಮೆ ಪಂಚೆ ಕಳಿಸಿದ. ಅದಕ್ಕೂ ಸಕ್ಕರೆಯೇ ಬಂತು. ನೋಡಿ, ತೊಟ್ಟಿಗೆ ಮಾಡಿದ್ದನ್ನೇ ತಮ್ಮನಿಗೂ ಮಾಡಿದ. ಸೋರುವುದನ್ನು ನೋಡದೆ ಮೇಲಿನಿಂದ ತುಂಬಿದ.

ಕೊನೆಗೆ ಪ್ಲಂಬರನ್ನು ಕರೆಸಿದ. ಪಂಪು ಆರಿಸಿ, ನೀರು ತುಂಬಬೇಡಿ, ತಾನಾಗಿ ಇಳಿಯಲು ಬಿಡಿ ಎಂದು ಅವನು ಹೇಳಿದ. ತೂತು ಎಷ್ಟು ಎತ್ತರದಲ್ಲಿದೆಯೋ ಅಲ್ಲಿಗೆ ಬಂದು ನೀರು ತಾನೇ ನಿಲ್ಲುತ್ತದೆ. ಆಮೇಲೆ ಹುಡುಕುವುದೇನು ಬಂತು? ಮಾತು ಶ್ರೀಮಂತನಿಗೆ ಅರ್ಥವಾಯಿತು. ಆದರೂ ಮಾಡಲಿಲ್ಲ. ನಮ್ಮಲ್ಲಿ ಸ್ನಾನದ ಹಂಡೆಯನ್ನು ಬರಿದು ಮಾಡಿ ಬರುವುದಿಲ್ಲವಲ್ಲ, ತಳದಲ್ಲಿ ಒಂದು ಚೊಂಬಾದರೂ ನೀರು ಬಿಟ್ಟು ಬರುತ್ತೇವೆ. ಅದನ್ನು ಅಮ್ಮ ಕಲಿಸಿದ್ದಳು. ಬರಿದು ಮಾಡಿದರೆ ಲಕ್ಷ್ಮಿ ನಿಲ್ಲುವುದಿಲ್ಲ ಎಂದು ಅಂಜಿ, ಪ್ಲಂಬರ್ ಹೋದ ಕೂಡಲೇ ಕಂಠಮಟ್ಟ ತುಂಬಿಸಿಟ್ಟ.

"ಅತ್ತೆ ಹೇಳಿದ್ದು ಒಂದು ಚೊಂಬು ಕಣ್ರೀ," ಎಂದಳು ಹೆಂಡತಿ. "ಕೆರೆ ಅಂತ ಹೇಳ್ಲಿಲ್ಲ."

ಅಷ್ಟರಲ್ಲಿ ದೇವರು ಅವನಿಗೆ ಜ್ವರ ಕೊಟ್ಟ. ನಗಬೇಡಿ, ಕೆಲವರನ್ನು ಸುಮ್ಮನೆ ಮಲಗಿಸಲು ದೇವರಿಗೂ ಬೇರೆ ದಾರಿ ಇರುವುದಿಲ್ಲ. ಕಂಬಳಿ ಹೊದ್ದು ಮಲಗಿದಲ್ಲಿಂದಲೇ ಹೆಂಡತಿಗೆ ಹೇಳಿದ, ದಿನಾ ತೊಟ್ಟಿ ತುಂಬಿಸು ಎಂದು. ಅವಳು ಹೂಂ ಎಂದಳು. ಹೋಗಿ ಪಂಪು ಆರಿಸಿ ಬಂದಳು. ಹೂಂ ಎನ್ನುವುದಕ್ಕೂ ಮಾಡುವುದಕ್ಕೂ ಎಷ್ಟು ದೂರ ಎಂದು ಇಲ್ಲಿ ಕೂತಿರುವ ಗಂಡಸರಿಗೆ ನಾನು ಹೇಳಬೇಕಾಗಿಲ್ಲ.

ಜ್ವರ ಬಿಟ್ಟ ಬೆಳಿಗ್ಗೆ ಗೋಡೆ ಹಿಡಿದುಕೊಂಡು ತಾರಸಿಗೆ ಬಂದ. ತೊಟ್ಟಿ ಅರ್ಧ ಖಾಲಿ. ಹತ್ತಿರ ಹೋಗಿ ನೋಡಿದರೆ ನೀರು ಒಂದು ಜೆಟ್ಟಿನ ಬಾಯಂಚಿಗೆ ಸರಿಯಾಗಿ ನಿಂತಿದೆ. ಮಾರನೆಯ ದಿನ ನೋಡಿದ. ಅಲ್ಲೇ ಇದೆ, ಕೂದಲೆಳೆಯಷ್ಟೂ ಇಳಿದಿಲ್ಲ. ಪಕ್ಕದ ಹಲಗೆ ಬಿಚ್ಚಿ, ಮಂಡಿಯೂರಿ, ಆ ಜೆಟ್ಟಿನ ಹಿಂದೆ ಬೆರಳಾಡಿಸಿದ. ನಟ್ಟು ಸೀಳಿತ್ತು. ಒಳಗಿನ ರಬ್ಬರ್ ವಾಷರ್ ಸೊಟ್ಟಗಾಗಿ ಹೊರಗೆ ಇಣುಕುತ್ತಿತ್ತು. ನಟ್ಟಿನ ಮೇಲೆ ಪಾನಾ ಕಚ್ಚಿದ ಗುರುತು. ಆ ಮನೆಯಲ್ಲಿ ಪಾನಾ ಹಿಡಿದವನು ಒಬ್ಬನೇ.

ಕಟಕ್ ನೆನಪಾಯಿತೇ? ಅವನಿಗೂ ಆಯಿತು.

ನಾಚಿಕೆಯಿಂದ ಮುಖ ಸುಟ್ಟಂತಾಗಿ ಹಾಗೇ ಕೆಳಗಿಳಿದ. ದೇವರ ಮನೆಯಲ್ಲಿ ದೇವರ ಪಟಗಳನ್ನೆಲ್ಲ ಬಟ್ಟೆ ಸುತ್ತಿ ಕಟ್ಟಿಟ್ಟಿದ್ದರು. ಚಾವಣಿಯಲ್ಲಿ ಕಲೆ, ಅದರ ಕೆಳಗೆ ಅರ್ಧ ತುಂಬಿದ ಬಕೆಟ್ಟು. ಬಕೆಟ್ಟಿನಿಂದ ಗಮ್ಮೆಂದು ಬರುತ್ತಿತ್ತು ಇವನದೇ ಗಂಧದೆಣ್ಣೆಯ ವಾಸನೆ.

"ನಿಂಗೆ ಗೊತ್ತಿತ್ತೇನೋ?" ಎಂದು ಪಕ್ಕದಲ್ಲಿದ್ದ ತಮ್ಮನನ್ನು ಕೇಳಿದ.

"ದೇವರ ಮನೇಲಿ ಗಂಧದ ವಾಸನೆ ಬರ್ತಿತ್ತು ಅಣ್ಣ," ಎಂದ ತಮ್ಮ. "ನಾನು ತೇದಿದ್ದಲ್ಲ."

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲ. ನೀನು ನಲ್ಲಿ ನೋಡ್ಕೋ ಅಂದೆ."

ಎಷ್ಟು ಹೋಳಿಗೆ ಕಳಿಸಿದರೂ ಈ ಮಾತು ಅಳಿಸುತ್ತದೆಯೇ? ಶ್ರೀಮಂತನ ಕಣ್ಣು ತುಂಬಿತು.

"ತಪ್ಪು ನಂದು ಕಣೋ," ಎಂದ. "ನಾನೇ ಬಿಗಿ ಮಾಡಿ ಒಡೆದಿದ್ದು. ಹೋಗ್ಬೇಡ."

ತಮ್ಮ ಬಗ್ಗಿ ಬಕೆಟ್ಟಿನ ಹಿಡಿಯ ಒಂದು ಬದಿ ಹಿಡಿದ. ಅಣ್ಣ ಇನ್ನೊಂದು ಬದಿ ಹಿಡಿದ. ಇಬ್ಬರೂ ಹೊತ್ತುಕೊಂಡು ಹೋಗಿ ಅಂಗಳದಾಚೆ ಚೆಲ್ಲಿ ಬಂದರು.

ಹೊಸ ನಟ್ಟು, ಹೊಸ ವಾಷರ್ ತಂದರು. ತೊಟ್ಟಿ ಪೂರ್ತಿ ಬರಿದು ಮಾಡಿದರು; ಲಕ್ಷ್ಮಿ ಎಲ್ಲಿಗೂ ಹೋಗಲಿಲ್ಲ. ತಮ್ಮ ತೊಟ್ಟಿಯೊಳಗಿಂದ ಜೆಟ್ಟನ್ನು ಅಲುಗದಂತೆ ಹಿಡಿದುಕೊಂಡ, ಅಣ್ಣ ಹೊರಗಿನಿಂದ ನಟ್ಟು ತಿರುಗಿಸಿದ. ಪಾನಾ ಪಕ್ಕದಲ್ಲೇ ಬಿದ್ದಿತ್ತು. ಶ್ರೀಮಂತನ ಕೈ ಒಂದು ಸಲ ಅದರ ಕಡೆ ಹೋಯಿತು ಕೂಡ.

"ಸಾಕು ಅಣ್ಣ," ಎಂದಿತು ತೊಟ್ಟಿಯೊಳಗಿನ ದನಿ.

ಅವನು ನಿಲ್ಲಿಸಿದ. ಜನ್ಮದಲ್ಲಿ ಮೊದಲ ಸಲ, ತಮ್ಮ ಸಾಕು ಎಂದ ಕಡೆ ನಿಲ್ಲಿಸಿದ. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಇಬ್ಬರೂ ಸೇರಿ ತೊಟ್ಟಿ ತುಂಬಿಸಿದರು. ಹಂಡೆಗೆ ಕಟ್ಟುವಂತೆ ಅದಕ್ಕೂ ಬೇಲಿಯಲ್ಲಿ ಬೆಳೆಯುವ ಹಿಂಡ್ಲೆಕಾಯಿ ಬಳ್ಳಿ ಸುತ್ತಿದರು. ಬೆಳಿಗ್ಗೆ ಎದ್ದು ನೋಡಿದರೆ ನೀರು ತುಂಬಿಸಿದಷ್ಟೇ ಇತ್ತು. ಕೆಳಗೆ ದೇವರ ಪಟಗಳು ಗೋಡೆಗೆ ಹತ್ತಿದವು, ಬೇರೆ ಮನೆಯ ಬೀಗದ ಕೈ ಬಂದ ಕಡೆಗೇ ಹೋಯಿತು.

ಕಥೆ ಮುಗಿಯಿತು ಎಂದು ಎದ್ದೇಳಬೇಡಿ, ನಿಮ್ಮ ಸರದಿ ಈಗ. ಇಷ್ಟು ಹೊತ್ತು ಆ ಶ್ರೀಮಂತನನ್ನು ನೋಡಿ ನಕ್ಕಿರಲ್ಲ, ನಿಮ್ಮ ಮನೆಯಲ್ಲಿ ಎಲ್ಲಿ ಸೋರುತ್ತಿದೆ? ಹೆಂಡತಿ ಮಾತು ಬಿಟ್ಟರೆ ಸೀರೆ ತರುತ್ತೀರಿ. ಅಕ್ಕ ಮುನಿಸಿಕೊಂಡರೆ ಸ್ವೀಟ್ ಬಾಕ್ಸ್ ಕಳಿಸುತ್ತೀರಿ. ಮನಸ್ಸಿಗೆ ನೆಮ್ಮದಿ ಇಲ್ಲ ಎಂದು ಈ ದೇವಸ್ಥಾನಕ್ಕೂ ಬಂದು ಗಂಧ ಕೊಟ್ಟು ಹೋಗುತ್ತೀರಿ. ಎಲ್ಲ ಮೇಲಿನಿಂದ ತುಂಬುವುದೇ. ಸ್ವಲ್ಪ ಪೈಪು ನಿಲ್ಲಿಸಿ. ನೆಮ್ಮದಿ ಇಳಿಯಲಿ ಬಿಡಿ, ಅಂಜಬೇಡಿ. ಯಾರ ಮುಖ ನೆನೆದಲ್ಲಿ ಅದು ನಿಲ್ಲುತ್ತದೋ ಅಲ್ಲೇ ನಿಮ್ಮ ತೂತು ಇದೆ. ಮಕ್ಕಳನ್ನಾಗಲಿ ಸೊಸೆಯನ್ನಾಗಲಿ ತಿದ್ದುವಾಗ ಕೈ ಸಾಕು, ಪಾನಾ ಬೇಡ. ಅವರು ಸಾಕು ಎಂದಾಗ ನಿಲ್ಲಿಸಿ.

ಇನ್ನೊಂದು ಮಾತು. ಯಾರೋ ಒಬ್ಬರು ನಿಮಗೆ ಒಮ್ಮೆ ಮೆಲ್ಲಗೆ ಹೇಳಿದ್ದಾರೆ, ನೀವು ನಲ್ಲಿ ನೋಡ್ಕೋ ಎಂದಿದ್ದೀರಿ. ಅವರು ಮತ್ತೆ ಹೇಳುವುದಿಲ್ಲ, ಬಕೆಟ್ಟು ಇಟ್ಟುಕೊಂಡು ಸುಮ್ಮನಿದ್ದಾರೆ. ಇವತ್ತು ಬರಿಗೈಯಲ್ಲಿ ಅವರ ಮನೆಗೆ ಹೋಗಿ, ತಪ್ಪು ನನ್ನದು ಎಂದು ಹೇಳಿ. ದೂರವಿದ್ದರೆ ಫೋನು ಮಾಡಿ. ಪ್ರಸಾದಕ್ಕೆ ಅವಸರವಿಲ್ಲ, ನೀವು ಮಾತಾಡಿ ಬರುವವರೆಗೆ ಅದನ್ನು ಮುಚ್ಚಿ ಇಟ್ಟಿರುತ್ತೇವೆ.