ಎರಡನೇ ರಕ್ತ ಏನಂತು

ಆ ಕಿಟಕಿ ಮುಚ್ಚಿ ಬಂದು ಕೂತ್ಕೊಳ್ಳಿ. ಪರದೆ ಅಲ್ಲಾಡೋದು ನನಗೆ ಆಗೋದಿಲ್ಲ... ಯಾಕೆ ಅಂತ ಹೇಳ್ತೀನಿ.

ಇದೇ ತೈನಾನ್ ಕಡಲ ಬದಿಯಲ್ಲಿ, ನನ್ನ ಚಿಕ್ಕಪ್ಪನ ಮಗಳು ಲುವಾನ್‌ಗೆ ಆದದ್ದು ಇದು. ಮೀನುಕೊಳದ ಕೆಲಸ ಮುಗಿಸಿ ಕತ್ತಲಲ್ಲಿ ಒಬ್ಬಳೇ ಬರ್ತಿದ್ದಳು. ತೂಬಿನ ಸೇತುವೆ, ಪಕ್ಕದಲ್ಲಿ ಹಳೇ ಆಲದ ಮರ. ಅಲ್ಲಿ ಕೇಳಿಸಿತು. ಪುಸ್ಸ್... ಟಕ್. ಪುಸ್ಸ್... ಟಕ್.

ಆ ಸದ್ದು ಅವಳ ಕೈಗೇ ಗೊತ್ತಿತ್ತು. ಆಂಬುಲೆನ್ಸಿನಲ್ಲಿ ಅಕ್ಕನ ಬಾಯಿಗೆ ಹಿಡಿದು ಅವಳೇ ಒತ್ತಿದ್ದ ಉಸಿರಿನ ಚೀಲದ ಸದ್ದು ಅದು.

ಹಿಂದಿನ ತಿಂಗಳು ಅಕ್ಕ ಬೋಂಗ್‌ಚಿಯ ಪಾದಕ್ಕೆ ಮೀನಿನ ಮುಳ್ಳು ಚುಚ್ಚಿತ್ತು. "ಹುಟ್ಟಿದಾಗಿಂದ ಮೀನು ಹಿಡೀತೀಯ, ಇವತ್ತು ಮೀನೇ ನಿನ್ನ ಹಿಡೀತಲ್ಲೇ" ಅಂತ ಲುವಾನ್ ನಕ್ಕಿದ್ದಳು. ಮಾರನೇ ದಿನ ಕಾಲು ಕಪ್ಪಾಯ್ತು. ರಕ್ತಕ್ಕೆ ನಂಜೇರಿ ಪ್ರಜ್ಞೆ ಹೋಯ್ತು. ಆಸ್ಪತ್ರೆಯಲ್ಲಿ ರಕ್ತ ತೆಗೆದು, ನಂಜಿಗೆ ಅದರಲ್ಲಿ ಹುಳಿ ಎಷ್ಟೇರಿದೆ ಅಂತ ಅಳೆದರು. "ತುಂಬಾ ಇದೆ. ಔಷಧಿ ಕೊಟ್ಟು ಇನ್ನೊಂದು ಸಲ ಅಳೀತೀವಿ. ಇಳಿದರೆ ಆಸೆ ಇದೆ, ಏರಿದರೆ ಕಷ್ಟ" ಅಂದರು ಡಾಕ್ಟರು. ಎರಡನೇ ಸಲದ್ದನ್ನ ಕೇಳೋಕೆ ಒಳಗೆ ಹೋದವನು ಬೋಂಗ್‌ಚಿಯ ಗಂಡ ಥಿಯಾಮ್. ಹೊರಗೆ ಬಂದು, "ಏರಿದೆ. ಮನೆಗೆ ಕರ್ಕೊಂಡು ಹೋಗೋಣ" ಅಂದ.

ನಮ್ಮಲ್ಲಿ ಕೊನೇ ಉಸಿರು ಮನೇಲೇ ಬಿಡಬೇಕು. ಅದಕ್ಕೇ ದಾರಿಯುದ್ದಕ್ಕೂ ಲುವಾನ್ ಚೀಲ ಒತ್ತಿದಳು. ಸೇತುವೆ ಬಂದಾಗ ಗಂಡನಾದವನು ಕೂಗಿ ಹೇಳಬೇಕು, "ಸೇತುವೆ ಬಂತು, ನಮ್ಮ ಜೊತೆ ದಾಟು" ಅಂತ. ಇಲ್ಲದಿದ್ದರೆ ಜೀವ ಅಲ್ಲೇ ಉಳಿದುಬಿಡುತ್ತೆ. ಆ ತೂಬಿನ ಸೇತುವೆ ಮೇಲೆ ಥಿಯಾಮ್ ಬಾಯಿ ಬಿಡಲಿಲ್ಲ. ಪಾಪ, ದುಃಖ ಅಂದುಕೊಂಡಳು ಇವಳು. ಮನೆ ಸೇರಿದ ಮೇಲೆ, "ಚೀಲ ತೆಗಿ ಲುವಾನ್" ಅಂದ. ತೆಗೆದಳು.

ಈಗ ಆಲದ ಕತ್ತಲಿಂದ ಪಿಸುಮಾತು...

"ಲುವಾನ್... ಎರಡನೇ ರಕ್ತ ಏನಂತೇ?"

"ಏರಿತ್ತು ಅಕ್ಕಾ."

"ನೀನು ಕೇಳಿದ್ಯಾ?"

"ಭಾವ ಹೇಳಿದ್ರು."

ಪುಸ್ಸ್... ಟಕ್ ಅಲ್ಲಿಗೇ ನಿಂತುಹೋಯ್ತು.

ಲುವಾನ್ ನೆಟ್ಟಗೆ ಥಿಯಾಮ್ ಮನೆಗೆ ನಡೆದಳು. ಅವನು ಮೀನಿನ ಗಂಜಿ ಉಣ್ತಿದ್ದ.

"ಭಾವ, ಎರಡನೇ ರಕ್ತ ಏನಂತು?"

ಚಮಚ ಕೆಳಗಿಟ್ಟ. "ಇಳಿದಿತ್ತು" ಅಂದ. "ಆದರೆ ಕಾಲು ತೆಗೀಬೇಕು ಅಂದ್ರು. ಒಂಟಿ ಕಾಲಿನೋಳನ್ನ ಕಟ್ಕೊಂಡು ನಾನೇನು ಮಾಡ್ಲಿ, ನೀನೇ ಹೇಳು."

"ನನ್ನ ಕೈಯಿಂದ ತೆಗೆಸಿದೆಯಲ್ಲೋ."

ಅವನು ಚಮಚ ಮತ್ತೆ ಕೈಗೆ ತಗೊಂಡ.

ಲುವಾನ್ ಕೂಗಾಡಲಿಲ್ಲ. ಸೇತುವೆಗೆ ವಾಪಸ್ ಬಂದಳು. "ಅಕ್ಕಾ, ಸೇತುವೆ ಬಂತು. ದಾಟು. ನಿನ್ನ ಗಂಡ ಮನೇಲೇ ಇದ್ದಾನೆ" ಅಂದಳು. ತಿರುಗಿ ನೋಡದೆ ಅವನ ಬಾಗಿಲವರೆಗೂ ನಡೆದಳು. ಹಿಂದೆ ಒದ್ದೆ ಹೆಜ್ಜೆ... ಚಪ್... ಚಪ್... ಒಂದೇ ಕಾಲಿನದು.

ಆಮೇಲೆ ಆಲದ ಹತ್ತಿರ ಯಾರಿಗೂ ಏನೂ ಕೇಳಿಸಿಲ್ಲ. ನಗೋದಾದರೆ ನಗಿ, ಇದು ನಡೆದದ್ದೇ, ನಾನೇ ಹೋಗಿ ನೋಡಿಬಂದೆ. ಥಿಯಾಮ್ ತನ್ನ ಕೋಣೆಯ ಕಿಟಕಿಗೆ ಹಲಗೆ ಹೊಡೆಸಿದ್ದಾನೆ. ಗಾಳಿ ನುಗ್ಗೋಕೆ ಸಂದಿಯೂ ಇಲ್ಲ. ಅದರ ಪರದೆ ಮಾತ್ರ ಉಸಿರಿನ ಚೀಲದ ಹಾಗೆ ಉಬ್ಬುತ್ತೆ, ತಗ್ಗುತ್ತೆ... ಉಬ್ಬುತ್ತೆ, ತಗ್ಗುತ್ತೆ.