ಒಂದೇ ಕಡೆ ವಾಲಿದ ಗೀರುಗಳು

ಕ್ಷಮಿಸಿ ಮೇಡಂ, ಎಲ್ಲಿಂದೆಲ್ಲಿಗೋ ಹೋಗ್ಬಿಟ್ಟೆ. ಮತ್ತೆ ಮೊದಲಿಂದ ಹೇಳ್ತೀನಿ. ಕ್ರಮವಾಗಿ ಮಾತಾಡೋ ಅಭ್ಯಾಸ ನನಗಿಲ್ಲ... ಇಲ್ಲ ಅಂದ್ರೆ, ದಿನಾ ಮಾತಾಡ್ತೀನಿ, ಆದ್ರೆ ಹೂಜಿಗಳ ಜೊತೆ. ಅವು ತಿರುಗಿ ಕೇಳಲ್ಲ. ನೀವೂ ಕೇಳ್ತಿಲ್ಲ, ಬಂದಾಗಿಂದ ಸುಮ್ನೆ ಬರ್ಕೋತಿದ್ದೀರ... ಅಯ್ಯೋ, ದೂರಲ್ಲ ಅದು! ಬರ್ಕೊಳಿ, ಬರ್ಕೊಳಿ. ಪರೀಕ್ಷೆ ಅಂದ್ರೆ ಹಾಗೇ ಇರ್ಬೇಕು.

ಆ ಕುರ್ಚಿಗೆ ಮಾತ್ರ ಒರಗ್ಬೇಡಿ. ಅದರ ಕಾಲು ಹಳೇದು, ಬೆನ್ನು ಹೊಸದು. ಬೆನ್ನು ನಾನೇ ಮಾಡಿದ್ದು. ಯಾಕೆ ನಗ್ತೀರ? ಈ ಅಂಗಡೀಲಿ ಪೂರ್ತಿ ಒಂದೇ ವಯಸ್ಸಿನದು ಅಂತ ಇರೋದು ನಮ್ಮ ಮಾವ ಒಬ್ರೇ. ಮಾವ ಅಂದ್ರೆ ಹೆಂಡತಿಯ ಅಪ್ಪ. ಮುಂದೆ ಗಲ್ಲಾದಲ್ಲಿ ಕೂತಿದ್ರಲ್ಲ, ಅವರೇ. ಸ್ವಲ್ಪ ಮೆಲ್ಲಗೆ ಮಾತಾಡೋಣ. ನೀವು ಮ್ಯೂಸಿಯಂನಿಂದ ಬಂದಿರೋದು ಅವರಿಗೆ ಗೊತ್ತಿಲ್ಲ. ಯಾರೋ ಬಟ್ಟಲು ತೋರಿಸೋಕೆ ಬಂದಿದ್ದಾರೆ ಅಂತ ಹೇಳಿದ್ದೀನಿ. ಸುಳ್ಳಲ್ಲ ಅಲ್ವಾ? ಬಟ್ಟಲು ತಂದಿದ್ದೀರ ತಾನೆ, ಮೂರು!

ಮೊದಲು ನನ್ನ ಕೆಲಸ ಏನು ಅಂತ ಹೇಳ್ತೀನಿ... ಅರ್ಜೀಲಿದೆ, ಹೌದು, ಗೊತ್ತು. ಆದ್ರೂ ಹೇಳ್ತೀನಿ. ಹಳೇ ಪಿಂಗಾಣಿ ಬರುತ್ತೆ. ಎಲ್ಲಿಯದು, ಎಷ್ಟು ಹಳೇದು, ಎಲ್ಲಿ ಒಡೆದಿತ್ತು ಅಂತ ನೋಡಿ ಹೇಳೋದು. ಒಡೆದದ್ದನ್ನ ಕೂಡಿಸೋದು. ಹನ್ನೊಂದು ವರ್ಷದಿಂದ ಇದೇ ಕೋಣೆ, ಇದೇ ಮೇಜು. ಮೇಲಿನ ಮಹಡೀಲಿ ಮನೆ. ಮನೆಯ ಮೆಟ್ಟಿಲು ಇಳಿದ್ರೆ ಸೀದಾ ಅಂಗಡಿ ಒಳಗೆ. ಬೇರೆ ಬಾಗಿಲಿಲ್ಲ. ಉಪ್ಪು ತರೋಕೂ ಮಾವನ ಮುಂದೆ ಹಾದೇ ಹೋಗ್ಬೇಕು. "ಎಲ್ಲಿಗೆ ಅಳಿಯಂದ್ರು?" ಅಂತಾರೆ. ಕೇಳೋದು ಬಹಳ ಮರ್ಯಾದೆಯಿಂದಲೇ. ಆ ಮರ್ಯಾದೆಯೇ ಬೀಗ, ಮೇಡಂ.

ಅರ್ಜಿ ಹಾಕಿ ಅಂತ ಹೇಳಿದ್ದು ನನ್ನ ಹೆಂಡತಿ. ಹೌದು, ಅವರ ಮಗಳೇ! ನಿಮ್ಮ ಪತ್ರ ಬಂದಾಗ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ಲು. "ಅಭ್ಯರ್ಥಿ ಕೆಲಸ ಮಾಡೋ ಜಾಗಕ್ಕೇ ಬಂದು ಪರೀಕ್ಷಿಸ್ತೀವಿ" ಅನ್ನೋ ಸಾಲು ಓದಿ ಇಬ್ಬರೂ ಕೆಳಗೆ ಅಂಗಡಿ ಕಡೆ ನೋಡಿದ್ವಿ. ಬೆಳಿಗ್ಗೆ ಮೆಟ್ಟಿಲಲ್ಲಿ ನಿಂತು ಹೇಳಿ ಕಳಿಸಿದ್ಲು: "ಕೇಳಿದ್ದಕ್ಕಷ್ಟೇ ಉತ್ತರ ಹೇಳ್ರೀ. ನಿಮಗೆ ಬಾಯಿ ಬಿಡೋದು ಗೊತ್ತು, ಮುಚ್ಚೋದು ಗೊತ್ತಿಲ್ಲ." ಈ ಕೆಲಸ ಸಿಕ್ಕಿದ್ರೆ ಮ್ಯೂಸಿಯಂ ಹಿಂದಿನ ವಸತಿಯಲ್ಲಿ ಎರಡು ಕೋಣೆ ಕೊಡ್ತೀರಂತೆ. ಅದಕ್ಕೆ ಬಾಗಿಲು ರಸ್ತೆಗೇ ಇದೆಯಾ ಅಂತ ಕೇಳಿ ಅಂದಿದ್ಲು. ಇದೆಯಾ?... ಆಮೇಲೆ ಹೇಳಿ, ಪರವಾಗಿಲ್ಲ.

ಸರಿ, ಬಟ್ಟಲುಗಳು. ಮೊದಲನೇದು ಹಳೇದು. ಉಗುರಿನಿಂದ ತಟ್ಟಿದ್ರೆ ನಾದ ಉದ್ದಕ್ಕೆ ಹೋಗುತ್ತೆ, ಕೇಳಿ... ಕೇಳಿದ್ರಾ? ಕೂದಲೆಳೆ ಬಿರುಕಿದ್ರೂ ಕೆಮ್ಮಿದ ಹಾಗೆ ಕೇಳ್ಸುತ್ತೆ. ಎರಡನೇದೂ ಹಳೇದೇ, ಅಂಚು ಮಾತ್ರ ಯಾರೋ ತಿದ್ದಿದ್ದಾರೆ. ಹಲ್ಲಿಗೆ ತಾಗಿಸಿ ನೋಡಿದೆ ಅಲ್ವಾ, ನೀವು ಮುಖ ಕಿವುಚಿದ್ರಿ! ಪಿಂಗಾಣಿ ಹಲ್ಲಿಗೆ ಕಲ್ಲಿನ ಹಾಗೆ ತಾಗುತ್ತೆ, ತಿದ್ದಿದ ಬಣ್ಣ ಮೆತ್ತಗೆ ತಾಗುತ್ತೆ. ಇನ್ನು ಮೂರನೇದು... ನಕಲಿ. ಪೂರ್ತಿ ನಕಲಿ. ನಾಲ್ಕು ವರ್ಷ ಆಗಿರಬಹುದು, ಅಷ್ಟೇ.

ಏನು? ಯಾಕೆ ಹಾಗೆ ನೋಡ್ತೀರ? ಓ... ನೀವಿನ್ನೂ ಅದರ ಬಟ್ಟೆ ಪೂರ್ತಿ ಬಿಚ್ಚಿಲ್ಲ. ಹೌದು. ಅಂಚು ಮಾತ್ರ ಕಾಣ್ತಿದೆ. ಅದು... ಅನುಭವ ಮೇಡಂ! ಅಂಚು ಸಾಕು. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕಲ್ಲ, ಹಾಗೆ. ಬಿಚ್ಚಿ, ಬಿಚ್ಚಿ. ಕಾರಣ ಸಮೇತ ತೋರಿಸ್ತೀನಿ. ಕಾರಣ ಇಲ್ದೆ ಹೇಳೋನಲ್ಲ ನಾನು.

ಮಗುಚಿ ಹಾಕಿ. ಬುಡ ನೋಡ್ಬೇಕು. ಎಲ್ಲರೂ ಮುಖ ನೋಡ್ತಾರೆ, ಹಕ್ಕಿ ಎಷ್ಟು ಚೆನ್ನಾಗಿದೆ ಅಂತಾರೆ. ಹಕ್ಕಿ ಚೆನ್ನಾಗೇ ಇದೆ, ರೆಕ್ಕೆ ಬರೆಯೋಕೆ ಒಂಬತ್ತು ದಿನ... ಅಂದ್ರೆ, ಒಂಬತ್ತು ದಿನವಾದರೂ ಬೇಕು, ಯಾರಿಗಾದ್ರೂ. ಬುಡಕ್ಕೆ ಬನ್ನಿ. ಭೂತಗನ್ನಡಿ ತಗೊಳ್ತೀನಿ... ಇಲ್ಲಿ, ಈ ಉಂಗುರದ ಹಾಗಿರೋ ಕಡೆ ಗೀರುಗಳು ಕಾಣ್ತಾವಾ? ನೂರು ವರ್ಷ ಬಳಸಿದ ಬಟ್ಟಲಿಗೂ ಗೀರು ಇರುತ್ತೆ. ಆದ್ರೆ ಅವು ಅಡ್ಡಾದಿಡ್ಡಿ. ಒಬ್ಬರು ಎಳೀತಾರೆ, ಇನ್ನೊಬ್ಬರು ತಳ್ತಾರೆ, ಮಗು ತಿರುಗಿಸಿ ಆಡುತ್ತೆ. ಮೊದಲನೇ ಬಟ್ಟಲಿನ ಬುಡ ನೋಡಿ, ಸಂತೆಯ ದಾರಿ ಇದ್ದ ಹಾಗಿದೆ. ಇದರಲ್ಲಿ? ಎಲ್ಲ ಒಂದೇ ಕಡೆ ವಾಲಿವೆ, ಗಾಳಿಗೆ ಸಿಕ್ಕ ಹುಲ್ಲಿನ ಹಾಗೆ. ಅಂದ್ರೆ ಯಾರೋ ಕೂತ್ಕೊಂಡು, ಬಟ್ಟಲನ್ನ ತಿರುಗಿಸ್ತಾ ತಿರುಗಿಸ್ತಾ ಮರಳುಕಾಗದದಿಂದ ಉಜ್ಜಿದ್ದಾರೆ. ಹಳೇದಾಗಿ ಕಾಣ್ಲಿ ಅಂತ. ಅಷ್ಟೇ ಅಲ್ಲ! ಬಲಗೈನೋರು ಉಜ್ಜಿದ್ರೆ ಗೀರು ಈ ಕಡೆ ವಾಲುತ್ತೆ. ಇವು ಆ ಕಡೆ ವಾಲಿವೆ. ಇದನ್ನ ಮಾಡಿದೋನು ಎಡಚ! ನೋಡಿದ್ರಾ? ಬುಡ ನೋಡಿ ಕೈ ಹೇಳ್ಬಿಟ್ಟೆ!

...

ಬರ್ಕೊಳಲ್ವಾ ಇದನ್ನ?

ಯಾಕೆ ಪೆನ್ನು ಕೆಳಗಿಟ್ರಿ?

ಏನು ನೋಡ್ತಿದ್ದೀರ... ಓಹೋ. ಭೂತಗನ್ನಡಿ. ಇದಾ? ಸುಮ್ನೆ ಎಡಗೈಯಲ್ಲಿ ಹಿಡ್ಕೊಂಡೆ. ತಗೊಳಿ, ಬಲಗೈಗೆ ಬದಲಾಯಿಸ್ತೀನಿ, ಏನಂತೆ ಅದಕ್ಕೆ? ...ಬಿದ್ಹೋಯ್ತು. ಒಡೀಲಿಲ್ಲ, ಒಡೀಲಿಲ್ಲ. ಲೋಕದಲ್ಲಿ ಎಡಚರು ಎಷ್ಟೋ ಜನ ಇದ್ದಾರೆ ಮೇಡಂ! ನೀವು ಏನೂ ಅನ್ನಲಿಲ್ಲ, ಹೌದು. ನಾನೇ ಹೇಳ್ತಿದ್ದೀನಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನೀವು ಕಳ್ಳ ಅಂತಾನೂ ಅನ್ನಲಿಲ್ಲ, ಕುಂಬಳಕಾಯಿ ಅಂತಾನೂ ಅನ್ನಲಿಲ್ಲ...

ಏನಾದ್ರೂ ಅನ್ನಿ. ಬೈಯಿರಿ.

ಮೊದಲು ಒಂದು ಮುಚ್ಚಳ ಅಷ್ಟೇ ಇತ್ತು. ನಿಜ ಹೇಳ್ತೀನಿ. ಸಕ್ಕರೆ ಜಾಡಿಗೆ ಮುಚ್ಚಳ ಇರ್ಲಿಲ್ಲ. ಮಾಡಿಕೊಟ್ಟೆ. ಮುಚ್ಚಳ ಹೊಸದು ಅಂತ ಚೀಟಿ ಬರೆದು ಅಂಟಿಸಿದ್ದೆ. ಮಾರನೇ ದಿನ ಚೀಟಿ ಇರ್ಲಿಲ್ಲ. ಮಾವ ಅಂದ್ರು, "ಅಂಟು ಸರಿಯಿರ್ಲಿಲ್ಲ ಅನ್ಸುತ್ತೆ ಅಳಿಯಂದ್ರು." ನಾನು ನಕ್ಕೆ. ಅಲ್ಲೇ ತಪ್ಪಾಗಿದ್ದು, ನಗಬಾರದಿತ್ತು. ಆಮೇಲೆ ಒಂದು ಹೂಜಿಯ ಹಿಡಿ, ಆಮೇಲೆ ಅರ್ಧ ತಟ್ಟೆ, ಆಮೇಲೆ ಈ ಬಟ್ಟಲು. ಮೊದಮೊದಲು ಚೀಟಿ ಬರೀತಿದ್ದೆ. ಆಮೇಲೆ ಅಪ್ಪಟ ಹಳೇದು ಅಂತ ಬರೆದು ಸಹಿ ಹಾಕೋದೂ ನನ್ನ ಕೆಲಸವೇ ಆಯ್ತು. ಮಾಡೋನೂ ನಾನೇ, ಸಾಕ್ಷಿಯೂ ನಾನೇ! ಹೆಂಡತಿಗೆ ಗೊತ್ತಿಲ್ಲ. ಅವಳಿಗೆ ಗೊತ್ತಿರೋದು ಕೂಡಿಸೋ ಕೆಲಸ ಮಾತ್ರ. ಅವಳಿಗೆ ಹೇಳ್ಬೇಡಿ... ಅಲ್ಲ, ನೀವು ಯಾಕೆ ಹೇಳ್ತೀರ. ನಾನೇ ಹೇಳ್ಬೇಕು.

ಯಾಕೆ ಎದ್ರಿ? ಎರಡೇ ಬಟ್ಟಲು ಚೀಲಕ್ಕೆ ಹಾಕಿದ್ರಿ. ಮೂರನೇದು? ಇಲ್ಲೇ ಬಿಡ್ಬೇಡಿ ಮೇಡಂ, ದಯವಿಟ್ಟು! ಇಲ್ಲಿದ್ರೆ ಮತ್ತೆ ಮಾರ್ತಾರೆ. ಮತ್ತೆ ನನ್ನ ಕೈಲೇ ಚೀಟಿ ಬರೆಸ್ತಾರೆ. ನೀವು ತಗೊಂಡು ಹೋಗಿ, ನಕಲಿ ಅಂತ ಬರೆದು ಗಾಜಿನ ಪೆಟ್ಟಿಗೇಲಿಡಿ. ಬೇಕಾದ್ರೆ ನನ್ನ ಹೆಸರೂ ಹಾಕಿ! ಕೆಲಸ ಕೊಡ್ಬೇಡಿ, ಬೇಡ ಬಿಡಿ... ಅಯ್ಯೋ, ಬೇಡ ಅಂತಲ್ಲ...

ಒಂದು ಮಾತು. ಒಂದೇ ಒಂದು. ನೀವು ಅಂದ್ಕೊಂಡಿರಬಹುದು, ಎಷ್ಟು ದಡ್ಡ ಇವನು, ಎಲ್ಲ ಒಂದೇ ಕಡೆಗೆ ಉಜ್ಜಿದ್ದಾನಲ್ಲ ಅಂತ. ನಾಲ್ಕೂ ಕಡೆಗೆ ಉಜ್ಜೋದು ನನಗೆ ಬರಲ್ವಾ ಮೇಡಂ? ಈಗಷ್ಟೇ ನಿಮಗೇ ಪಾಠ ಹೇಳಿದ್ನಲ್ಲ! ಬರುತ್ತೆ. ಹಿಡಿಗೆ ಹಾಗೇ ಮಾಡಿದ್ದೆ, ತಟ್ಟೆಗೂ ಹಾಗೇ ಮಾಡಿದ್ದೆ, ಯಾರೂ ಹಿಡೀಲಿಲ್ಲ. ಈ ಬಟ್ಟಲಿಗೆ ಮಾತ್ರ, ಕೂತು, ಬೇಕು ಅಂತಲೇ, ಎಡಗೈಲೇ, ಒಂದೇ ಕಡೆಗೆ... ಯಾಕಂದ್ರೆ ಚೀಟಿ ಅಂಟಿಸಿದ್ರೆ ಕಿತ್ತು ಹಾಕ್ತಾರೆ, ಗೀರನ್ನ ಯಾರೂ ಕಿತ್ತು ಹಾಕೋಕಾಗಲ್ಲ ನೋಡಿ. ಯಾರೋ ಒಬ್ಬರು, ಯಾವತ್ತೋ ಒಂದು ದಿನ, ಬುಡ ಮಗುಚಿ ನೋಡೋರು ಬಂದ್ರೆ, ಅವರು ಹುಡುಕ್ಕೊಂಡು ಇಲ್ಲಿಗೇ...

ಹಾಂ? ಬಂದೆ ಮಾವ!... ಇಲ್ಲ, ಮುಗೀತು, ಬಂದೆ! ಹೂಂ, ಬಣ್ಣ ಒಣಗಿದೆ. ಹಕ್ಕಿ ಬಟ್ಟಲಿನ ಜೋಡೀನೂ ಒಣಗಿದೆ. ಹಾಂ, ಚೀಟಿ ಪುಸ್ತಕ ತಗೊಂಡೇ ಬರ್ತೀನಿ...

ಮೇಡಂ, ಹೋಗ್ಬೇಡಿ. ಎರಡೇ ನಿಮಿಷ. ನಾನು ಹೇಳ್ತಿದ್ದಿದ್ದು ಏನಂದ್ರೆ, ಆ ಗೀರು ಒಂದೇ ಕಡೆ ಯಾಕೆ ಅಂದ್ರೆ... ಬಂದೆ ಮಾವ, ಬಂದೇ ಬಿಟ್ಟೆ...